ಅಂಗಡಿ ಗೂಗಲ್‌ನಲ್ಲಿ ಸಿಗಬೇಕು: ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯನಗರದಲ್ಲಿ ನಮ್ಮ ಚಿಕ್ಕಪ್ಪನ ಪಾತ್ರೆ ಅಂಗಡಿಯಿದೆ. ಅದನ್ನು ಗೂಗಲ್ ಮ್ಯಾಪಿಗೆ ಸೇರಿಸಿಕೊಡು ಎಂದು ಅವರು ಕೇಳಿದ್ದರಿಂದ ಈ ಕೆಲಸ ನನ್ನ ಕೈಗೆ ಬಂತು. ಆಮೇಲೆ ಪಕ್ಕದ ಹಿಟ್ಟಿನ ಗಿರಣಿಯವರು ಕರೆದರು, ಎದುರಿನ ಕನ್ನಡಕದ ಅಂಗಡಿಯವರು ಕರೆದರು, ಅವರ ಭಾವಮೈದ ಪ್ಲಂಬಿಂಗ್ ಕೆಲಸ ಮಾಡುತ್ತಾರೆ, ಅವರೂ ಬಂದರು. ಕೂತು ಮಾತಾಡಿದಾಗ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲರಿಗೂ ಸಿಗಲಿ ಎಂದು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇಪ್ಪತ್ತು ವರ್ಷದಿಂದ ಇದೇ ಬೀದಿಯಲ್ಲಿದ್ದೇನೆ, ಎಲ್ಲರಿಗೂ ನನ್ನ ಅಂಗಡಿ ಗೊತ್ತು. ನನಗ್ಯಾಕೆ ಗೂಗಲ್?

ಬೀದಿ ಅದೇ ಇದೆ, ಬೀದಿಯ ಜನ ಬದಲಾಗಿದ್ದಾರೆ. ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಯುವ ಊರು ನಮ್ಮದು. ಶಾಲೆಗೆ ರಜೆ ಬಿಟ್ಟ ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕ್ರಾಸಿನಲ್ಲಿ ಎಷ್ಟು ಟೆಂಪೋಗಳು ಸಾಮಾನು ಇಳಿಸುತ್ತವೆ, ಎಷ್ಟು ತುಂಬಿಕೊಂಡು ಹೋಗುತ್ತವೆ ಎಂದು ಒಮ್ಮೆ ಗಮನಿಸಿ. ಹೊಸದಾಗಿ ಬಂದವರ ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಹೋದರೆ, ಪಕ್ಕದ ಮನೆಯವರನ್ನು ಕೇಳುವಷ್ಟು ಪರಿಚಯ ಇನ್ನೂ ಆಗಿರುವುದಿಲ್ಲ. ಫೋನ್ ತೆಗೆದು ಹುಡುಕುತ್ತಾರೆ. ಹುಡುಕಿದಾಗ ಒಂದು ಸಣ್ಣ ಮ್ಯಾಪು, ಅದರ ಕೆಳಗೆ ಸಾಮಾನ್ಯವಾಗಿ ಮೂರು ಅಂಗಡಿಗಳ ಹೆಸರು ಬರುತ್ತವೆ. ನಿಮ್ಮ ಅಂಗಡಿ ಅವರ ಮನೆಯಿಂದ ನೂರು ಹೆಜ್ಜೆ ದೂರದಲ್ಲಿದ್ದರೂ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಅವರು ಸ್ಕೂಟರ್ ಹತ್ತಿ ಎರಡು ಕಿಲೋಮೀಟರ್ ಆಚೆಯ ಅಂಗಡಿಗೆ ಹೋಗುತ್ತಾರೆ. ನನಗೆ ಸಂಕಟ ಆಗುವುದು ಇದನ್ನು ನೋಡಿದಾಗಲೇ. ಸಾಮಾನು ಇದೆ, ಬೆಲೆ ಸರಿಯಿದೆ, ಮಾತು ಒಳ್ಳೆಯದಿದೆ, ಆದರೆ ಬೇಕಾದವರಿಗೆ ಗೊತ್ತೇ ಆಗುತ್ತಿಲ್ಲ.

ಹಳೇ ಗಿರಾಕಿಗಳೂ ನೋಡುತ್ತಾರೆ. ಅವರು ನೋಡುವುದು ಬೇರೆ ಕಾರಣಕ್ಕೆ: ಇವತ್ತು ತೆರೆದಿದ್ದಾರಾ, ಫೋನ್ ನಂಬರ್ ಏನು.

ಇದಕ್ಕೆ ದುಡ್ಡು ಕಟ್ಟಬೇಕಾ?

ಇಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ಕಾಣುವ ನಿಮ್ಮ ಅಂಗಡಿಯ ಪುಟ, ಪೂರ್ತಿ ಉಚಿತ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಶುರುವಾಯಿತು, 2021ರ ನವೆಂಬರಿನಲ್ಲಿ ಈಗಿನ ಹೆಸರು ಬಂತು. ಹಿಂದೆ ಇದಕ್ಕೆಂದೇ ಒಂದು ಬೇರೆ ಆ್ಯಪ್ ಇತ್ತು, ಈಗಿಲ್ಲ. ನಿಮ್ಮ ಜಿಮೇಲ್‌ನಲ್ಲಿ ಲಾಗಿನ್ ಆಗಿ ಗೂಗಲ್‌ನಲ್ಲೇ ನಿಮ್ಮ ಅಂಗಡಿಯ ಹೆಸರು ಹುಡುಕಿದರೆ, ಅಥವಾ ಮ್ಯಾಪ್ಸ್ ಆ್ಯಪ್ ತೆರೆದರೆ, ಅಲ್ಲಿಂದಲೇ ಎಲ್ಲ ತಿದ್ದಬಹುದು. ಹೊಸದಾಗಿ ಸೇರಿಸುವ ಮುಂಚೆ ಒಂದು ಸಲ ಹುಡುಕಿ ನೋಡಿ. ಎಷ್ಟೋ ಅಂಗಡಿಗಳನ್ನು ಯಾರೋ ಗಿರಾಕಿ ಈಗಾಗಲೇ ಸೇರಿಸಿರುತ್ತಾರೆ. ಅದನ್ನೇ ನಿಮ್ಮದೆಂದು ಕ್ಲೇಮ್ ಮಾಡಿಕೊಳ್ಳಿ, ಎರಡನೆಯದನ್ನು ಮಾಡಬೇಡಿ.

ಯಾರು ಮೇಲೆ, ಯಾರು ಕೆಳಗೆ ಎಂದು ಗೂಗಲ್ ಹೇಗೆ ತೀರ್ಮಾನ ಮಾಡುತ್ತದೆ?

ಗೂಗಲ್ ತಾನೇ ಹೇಳಿಕೊಂಡಿರುವ ಅಂಶಗಳು ಮೂರು. ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಹೊಂದಿಕೆ ಎಷ್ಟಿದೆ, ಹುಡುಕುವವರಿಂದ ನೀವು ಎಷ್ಟು ದೂರದಲ್ಲಿದ್ದೀರಿ, ನಿಮ್ಮ ಅಂಗಡಿಗೆ ಎಷ್ಟು ಹೆಸರಿದೆ. ಹೆಸರು ಎಂದರೆ ರಿವ್ಯೂಗಳು, ಬೇರೆ ಕಡೆ ನಿಮ್ಮ ಬಗ್ಗೆ ಇರುವ ಮಾಹಿತಿ, ನಿಮ್ಮ ವೆಬ್‌ಸೈಟಿಗೆ ಬೇರೆಯವರು ಕೊಟ್ಟಿರುವ ಕೊಂಡಿಗಳು.

ಮೂರರಲ್ಲಿ ದೂರವನ್ನು ನೀವು ಏನೂ ಮಾಡಲಾಗದು. ರಾಜಾಜಿನಗರದಲ್ಲಿ ನಿಂತು ‘ರೇಷ್ಮೆ ಸೀರೆ ಅಂಗಡಿ’ ಎಂದು ಹುಡುಕಿದವರಿಗೆ ಬರುವ ಪಟ್ಟಿಯೇ ಬೇರೆ, ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತು ಹುಡುಕಿದವರಿಗೆ ಬರುವ ಪಟ್ಟಿಯೇ ಬೇರೆ. ಆದ್ದರಿಂದ ‘ಇಡೀ ಬೆಂಗಳೂರಿಗೆ ನಿಮ್ಮನ್ನು ನಂಬರ್ ಒನ್ ಮಾಡಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ. ದುಡ್ಡು ಕೊಟ್ಟರೆ ಮ್ಯಾಪಿನ ಮಾಮೂಲಿ ಪಟ್ಟಿಯಲ್ಲಿ ಮೇಲಕ್ಕೆ ಏರಿಸುವ ದಾರಿ ಗೂಗಲ್‌ನಲ್ಲೇ ಇಲ್ಲ. ಜಾಹೀರಾತು ಬೇರೆ, ಅದರ ಮೇಲೆ ಪ್ರಾಯೋಜಿತ ಎಂದು ಬರೆದಿರುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಗಲ್ಲಾದಲ್ಲಿ ಕೂತು, ನಿಮ್ಮದೇ ಫೋನಿನಲ್ಲಿ ಹುಡುಕಿದರೆ ನಿಮ್ಮ ಅಂಗಡಿ ಮೇಲೇ ಬರುತ್ತದೆ. ನೀವು ಅಂಗಡಿಯೊಳಗೇ ಇದ್ದೀರಲ್ಲ, ದೂರ ಸೊನ್ನೆ. ನಿಜ ಸ್ಥಿತಿ ತಿಳಿಯಬೇಕಿದ್ದರೆ ಒಂದು ಕಿಲೋಮೀಟರ್ ಆಚೆ, ಎರಡು ಕಿಲೋಮೀಟರ್ ಆಚೆ ಇರುವ ನೆಂಟರಿಗೋ ಸ್ನೇಹಿತರಿಗೋ ಹೇಳಿ ಹುಡುಕಿಸಿ, ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಹುಡುಕುವಾಗ ಅವರು ಅಂಗಡಿಯ ಹೆಸರು ಹಾಕಬಾರದು, ‘ಪಾತ್ರೆ ಅಂಗಡಿ’ ಎಂದಷ್ಟೇ ಹಾಕಬೇಕು.

ನಮ್ಮ ವಿಳಾಸವೇ ಗೊಂದಲ. ಹೇಗೆ ಬರೆಯಬೇಕು?

ಬೆಂಗಳೂರಿನಲ್ಲಿ ಅರ್ಧ ವ್ಯಾಪಾರ ಇಲ್ಲೇ ಕಳೆದುಹೋಗುತ್ತದೆ ಎಂಬುದು ನನ್ನ ಅನುಭವ. 8ನೇ ಕ್ರಾಸ್ ಎಂದರೆ ಯಾವುದು? ಮಲ್ಲೇಶ್ವರದಲ್ಲೂ ಇದೆ, ಜಯನಗರದಲ್ಲೂ ಇದೆ, ಪ್ರತಿ ಲೇಔಟಿನಲ್ಲೂ ಇದೆ. ಅದರ ಮೇಲೆ ಸ್ಟೇಜ್, ಬ್ಲಾಕ್, ಫೇಸ್. ಬಾಗಿಲಿನ ಮೇಲೆ ಹಳೇ ನಂಬರ್ ಒಂದು, ಹೊಸ ನಂಬರ್ ಒಂದು. ಕೆಲವು ಕಡೆ ‘ಎ’ ಕ್ರಾಸ್, ‘ಬಿ’ ಕ್ರಾಸ್ ಎಂದು ಮಧ್ಯೆ ಮಧ್ಯೆ ಹುಟ್ಟಿಕೊಂಡಿವೆ.

ಚಿಕ್ಕಪ್ಪನ ಅಂಗಡಿಯ ಕಥೆ ಹೇಳುತ್ತೇನೆ. ವಿಳಾಸ ಅಕ್ಷರಶಃ ಸರಿಯಿತ್ತು. ಆದರೂ ಮ್ಯಾಪಿನ ಪಿನ್ ಹಿಂದಿನ ಸಮಾನಾಂತರ ರಸ್ತೆಯ ಒಂದು ಮನೆಯ ಗೇಟಿನ ಮೇಲೆ ಕೂತಿತ್ತು. ಗಿರಾಕಿಗಳು ಅಲ್ಲಿಗೆ ಹೋಗಿ, ‘ನೀವು ತಲುಪಿದ್ದೀರಿ’ ಎಂಬ ಮಾತು ಕೇಳಿ, ಅಂಗಡಿ ಮುಚ್ಚಿಬಿಟ್ಟಿದ್ದಾರೆ ಎಂದುಕೊಂಡು ವಾಪಸು ಹೋಗುತ್ತಿದ್ದರು. ಆ ಮನೆಯ ಅಜ್ಜಿ ಒಂದು ದಿನ ನಡೆದುಕೊಂಡು ಬಂದು, ‘ನಿಮ್ಮ ಕುಕ್ಕರಿಗೆ ಜನ ನಮ್ಮ ಬೆಲ್ ಹೊಡೀತಾರಲ್ಲಪ್ಪಾ’ ಎಂದು ಹೇಳಿದ ಮೇಲೆಯೇ ನಮಗೆ ಗೊತ್ತಾಗಿದ್ದು. ಎಷ್ಟು ದಿನದಿಂದ ಹಾಗಿತ್ತೋ!

ಹಾಗಾಗಿ ವಿಳಾಸ ಟೈಪ್ ಮಾಡಿ ಬಿಟ್ಟುಬಿಡಬೇಡಿ. ಸ್ಯಾಟಲೈಟ್ ಚಿತ್ರ ಹಾಕಿಕೊಂಡು, ಚೆನ್ನಾಗಿ ಹಿಗ್ಗಿಸಿ, ಪಿನ್ನನ್ನು ಬೆರಳಿನಿಂದ ಎಳೆದು ನಿಮ್ಮ ಶಟರಿನ ಎದುರಿಗೇ ತಂದಿಡಿ. ಮೂಲೆಯ ಕಟ್ಟಡವಾದರೆ ಬಾಗಿಲು ಯಾವ ರಸ್ತೆಗಿದೆಯೋ ಆ ಕಡೆಗೆ. ಆಮೇಲೆ ಗೊತ್ತಿಲ್ಲದ ಒಬ್ಬ ಹುಡುಗನಿಗೆ ಮ್ಯಾಪ್ ಕೊಟ್ಟು ಮುಖ್ಯರಸ್ತೆಯಿಂದ ನಡೆದು ಬರಲು ಹೇಳಿ. ಎಲ್ಲಿ ತಡವರಿಸುತ್ತಾನೋ ಅಲ್ಲಿ ತಪ್ಪಿದೆ.

ವಿಳಾಸದ ಸಾಲಿನಲ್ಲಿ ಅಂಗಡಿ ನಂಬರ್, ಕ್ರಾಸ್, ಮೇನ್, ಬಡಾವಣೆಯ ಪೂರ್ತಿ ಹೆಸರು, 6 ಅಂಕಿಯ ಪಿನ್ ಕೋಡ್ ಇರಲಿ. ‘ಗಣಪತಿ ದೇವಸ್ಥಾನದ ಹಿಂಭಾಗ’ ಎಂಬಂಥ ಗುರುತನ್ನು ವಿವರಣೆಯಲ್ಲಿ ಬರೆಯಿರಿ, ಏಕೆಂದರೆ ಆಟೋದವರು ಕೇಳುವುದು ಅದನ್ನೇ. ಮ್ಯಾಪಿನಲ್ಲಿ ಪ್ರತಿ ಜಾಗಕ್ಕೂ ಪ್ಲಸ್ ಕೋಡ್ ಎಂಬ ಸಣ್ಣ ಗುರುತು ಸಿಗುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಕ್ರಾಸು ಮೇನು ಯಾವುದೂ ಹೇಳಬೇಕಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಅದಕ್ಕೆ ಅಂಗಡಿಯ ವಿಳಾಸ ಬದಲಾಯಿಸಬೇಕಾ ಎಂದು ಕೆಲವರು ಕೇಳಿದರು. ಬೇಕಿಲ್ಲ. ಜನ ಹುಡುಕುವುದು ಬಸವನಗುಡಿ, ಯಲಹಂಕ, ನಾಗರಭಾವಿ ಎಂದೇ.

ಹೆಸರು ಕನ್ನಡದಲ್ಲಿ ಹಾಕಲೋ ಇಂಗ್ಲಿಷಿನಲ್ಲೋ?

ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು ಪ್ರೊಫೈಲಿನಲ್ಲೂ ಇರಬೇಕು, ಇದು ಗೂಗಲ್ ನಿಯಮ. ಕರ್ನಾಟಕದಲ್ಲಿ ನಾಮಫಲಕದ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಆಗಿದೆ, ಹಾಗಾಗಿ ನಿಮ್ಮ ಬೋರ್ಡಿನಲ್ಲಿ ಕನ್ನಡ ಹೇಗೂ ದೊಡ್ಡದಾಗಿಯೇ ಇರುತ್ತದೆ.

ಮ್ಯಾಪಿನಲ್ಲಿ ಇಂಗ್ಲಿಷಿನಲ್ಲಿರುವ ಹೆಸರುಗಳನ್ನು ಕನ್ನಡ ಸೇರಿ 10 ಭಾರತೀಯ ಭಾಷೆಗಳ ಲಿಪಿಗೆ ತಾನಾಗಿ ತಿರುಗಿಸುವುದನ್ನು ಗೂಗಲ್ 2021ರಲ್ಲಿ ಶುರು ಮಾಡಿತು. ಯಂತ್ರ ಮಾಡುವ ಕೆಲಸ, ತಪ್ಪುಗಳಾಗುತ್ತವೆ. ದೀರ್ಘ ಹ್ರಸ್ವವಾಗುತ್ತದೆ, ಳ ಹೋಗಿ ಲ ಬರುತ್ತದೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನಿಮ್ಮ ಅಂಗಡಿ ಹೇಗೆ ಕಾಣುತ್ತದೆ ಎಂದು ನೋಡಿ, ತಪ್ಪಿದ್ದರೆ ತಿದ್ದಲು ಸಲಹೆ ಕಳಿಸಿ. ನಮ್ಮ ಹೆಸರನ್ನು ನಾವೇ ಸರಿಯಾಗಿ ಬರೆಸದಿದ್ದರೆ ಇನ್ಯಾರು ಬರೆಸುತ್ತಾರೆ?

ಕನ್ನಡದಲ್ಲಿ ಹುಡುಕುವವರು ಇದ್ದಾರಾ ಎಂದು ಅನುಮಾನ ಬೇಡ. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯವನ್ನು ಗೂಗಲ್ ಕೊಟ್ಟಿದ್ದು 2017ರಲ್ಲಿ. ನಮ್ಮ ಅಮ್ಮ ಮೈಕ್ ಒತ್ತಿ ‘ಹತ್ತಿರದಲ್ಲಿ ರಾಗಿ ಹಿಟ್ಟು ಬೀಸೋರು’ ಎನ್ನುತ್ತಾರೆ. ಇನ್ನು ಕೆಲವರು ಇಂಗ್ಲಿಷ್ ಅಕ್ಷರದಲ್ಲೇ ‘ಹಿಟ್ಟಿನ ಗಿರಣಿ’ ಎಂದು ಬರೆಯುತ್ತಾರೆ, ಮತ್ತೆ ಕೆಲವರು ‘ಫ್ಲೋರ್ ಮಿಲ್’ ಎನ್ನುತ್ತಾರೆ. ಈ ಮೂರೂ ನಿಮ್ಮ ವಿವರಣೆಯಲ್ಲಿ, ಸೇವೆಗಳ ಪಟ್ಟಿಯಲ್ಲಿ ಸಹಜವಾಗಿ ಬರಲಿ. ವಿವರಣೆಗೆ 750 ಅಕ್ಷರದ ಮಿತಿ ಇದೆ. ಅಷ್ಟರಲ್ಲಿ ರಾಗಿ, ಗೋಧಿ, ಅಕ್ಕಿ, ಖಾರದಪುಡಿ, ಹುರಿಹಿಟ್ಟು ಎಂದು ಏನೇನು ಬೀಸಿಕೊಡುತ್ತೀರೋ ಹೇಳಬಹುದು. ಗಿರಾಕಿ ಹುಡುಕುವುದು ಖಾರದಪುಡಿಯನ್ನು, ನಿಮ್ಮ ‘ಗುಣಮಟ್ಟದ ಸೇವೆ’ಯನ್ನು ಯಾರೂ ಹುಡುಕುವುದಿಲ್ಲ.

ಹೆಸರಿನ ಜೊತೆಗೇ ‘ಬೆಸ್ಟ್ ಎಲೆಕ್ಟ್ರೀಷಿಯನ್ ಇನ್ ಜಯನಗರ’ ಎಂದು ಸೇರಿಸಿದರೆ ಮೇಲೆ ಬರುತ್ತದಂತೆ?

ಸ್ವಲ್ಪ ದಿನ ಬರಬಹುದು. ಆಮೇಲೆ ಯಾರಾದರೂ ದೂರು ಕೊಟ್ಟರೆ ಹೆಸರು ತಿದ್ದುತ್ತಾರೆ, ಇಲ್ಲವೇ ಪ್ರೊಫೈಲನ್ನೇ ಅಮಾನತು ಮಾಡುತ್ತಾರೆ. ಅಮಾನತಾದ ಪ್ರೊಫೈಲನ್ನು ವಾಪಸು ಪಡೆಯಲು ಮೇಲ್ಮನವಿ, ದಾಖಲೆ, ಕಾಯುವುದು. ಅಷ್ಟೂ ದಿನ ಅಂಗಡಿ ಮ್ಯಾಪಿನಲ್ಲಿ ಇರುವುದಿಲ್ಲ. ಹಬ್ಬದ ಸೀಸನ್ನಿನಲ್ಲಿ ಹೀಗಾದವರನ್ನು ನೋಡಿದ್ದೇನೆ. ದಯವಿಟ್ಟು ಈ ಆಸೆಗೆ ಬೀಳಬೇಡಿ.

ಇದೇ ಲಾಭವನ್ನು ಸರಿಯಾದ ದಾರಿಯಲ್ಲಿ ಕೊಡುವುದು ಕ್ಯಾಟಗರಿ, ಅಂದರೆ ನಿಮ್ಮದು ಯಾವ ಬಗೆಯ ವ್ಯಾಪಾರ ಎಂದು ಪ್ರೊಫೈಲಿನಲ್ಲಿ ಆರಿಸುವುದು. ಒಂದು ಮುಖ್ಯ ಕ್ಯಾಟಗರಿ, ಅದರ ಜೊತೆ ಇನ್ನೂ 9ರವರೆಗೆ ಸೇರಿಸಬಹುದು. ಒಂಬತ್ತನ್ನೂ ತುಂಬಬೇಕೆಂದೇನಿಲ್ಲ. ದರ್ಶಿನಿ ನಡೆಸುವವರು ಬರೀ ‘ರೆಸ್ಟೋರೆಂಟ್’ ಎಂದು ಹಾಕುವುದಕ್ಕಿಂತ ‘ದಕ್ಷಿಣ ಭಾರತೀಯ ರೆಸ್ಟೋರೆಂಟ್’ ಎಂದು ಹಾಕಿದರೆ ಹೆಚ್ಚು ಹೊಂದಿಕೆ.

ವೆರಿಫಿಕೇಶನ್‌ಗೆ ವೀಡಿಯೊ ಕೇಳುತ್ತಿದೆ, ಏನು ತೋರಿಸಬೇಕು?

ಅಂಗಡಿ ಅಲ್ಲೇ ಇದೆ, ಅದು ನಿಮ್ಮದೇ ಎಂದು ನಂಬಿಸಬೇಕು. ಒಂದೇ ಓಟದಲ್ಲಿ, ನಿಲ್ಲಿಸದೆ ತೆಗೆಯಿರಿ. ರಸ್ತೆಯಿಂದ ಶುರು ಮಾಡಿ, ರಸ್ತೆಯ ಹೆಸರಿನ ಫಲಕವೋ ಪಕ್ಕದ ಅಂಗಡಿಗಳೋ ಕಾಣಲಿ. ನಿಮ್ಮ ಬೋರ್ಡ್ ತೋರಿಸಿ. ಬೀಗ ತೆಗೆದು ಶಟರ್ ಎತ್ತಿ, ಒಳಗೆ ಹೋಗಿ ಸಾಮಾನು, ಗಲ್ಲಾ, ಬಿಲ್ಲಿಂಗ್ ಯಂತ್ರ ತೋರಿಸಿ. ಟ್ರೇಡ್ ಲೈಸೆನ್ಸ್ ಗೋಡೆಗೆ ಹಾಕಿದ್ದರೆ ಅದೂ ಬರಲಿ. ಗಿರಾಕಿಗಳ ಮುಖ, ಬ್ಯಾಂಕ್ ವಿವರ ಬೇಡ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತೇ ಇದಕ್ಕೆ ಒಳ್ಳೆಯದು, ಬೆಳಕೂ ಇರುತ್ತದೆ, ಬೀಗವೂ ತೆಗೆಯಬೇಕಿರುತ್ತದೆ.

ನನಗೆ ಅಂಗಡಿಯೇ ಇಲ್ಲ. ಮನೆಯಿಂದಲೇ ಕೆಲಸ. ನಾನು ಸೇರಬಹುದಾ?

ಪ್ಲಂಬರ್, ಎಲೆಕ್ಟ್ರೀಷಿಯನ್, ಮೆಹೆಂದಿ ಹಾಕುವವರು, ಗಿರಾಕಿಯ ಮನೆಗೆ ಹೋಗಿ ಕೆಲಸ ಮಾಡುವ ಎಲ್ಲರೂ ಸೇರಬಹುದು. ಮನೆಯ ವಿಳಾಸವನ್ನು ಮರೆಮಾಡಿ, ಯಾವ ಯಾವ ಪ್ರದೇಶಕ್ಕೆ ಹೋಗುತ್ತೀರಿ ಎಂದು ಕೊಡಬೇಕು. 20 ಪ್ರದೇಶಗಳವರೆಗೆ ಅವಕಾಶವಿದೆ. ಒಬ್ಬರೇ ಮನೆಯಲ್ಲಿದ್ದು ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ನಾನು ಒತ್ತಿ ಹೇಳುವ ಮಾತು ಇದು: ವಿಳಾಸ ಮರೆಮಾಡಿ, ವ್ಯಾಪಾರಕ್ಕೆ ಬೇರೆ ಫೋನ್ ನಂಬರ್ ಇಟ್ಟುಕೊಳ್ಳಿ.

ಪ್ರದೇಶ ಕೊಡುವಾಗ ನಿಜವಾಗಿ ಹೋಗುವಷ್ಟನ್ನೇ ಕೊಡಿ. ಬನಶಂಕರಿಯಲ್ಲಿರುವ ಪ್ಲಂಬರ್ ವೈಟ್‌ಫೀಲ್ಡ್ ಸೇರಿಸಿದರೆ ಅಲ್ಲಿಂದ ಕರೆ ಬರುವುದೂ ಕಷ್ಟ, ಬಂದರೆ ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ.

ಮನೆಯಲ್ಲಿ ಅಡುಗೆ ಮಾಡಿ ಡಬ್ಬಿ ತಲುಪಿಸುವವರು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಂಡೇ ಮುಂದುವರಿಯಿರಿ. ಬರೀ ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ತೋರಿಸಿ ಕೊರಿಯರ್ ಮಾಡುವವರಿಗೆ, ಗಿರಾಕಿಯನ್ನು ಎದುರಾಎದುರು ಭೇಟಿಯಾಗುವುದೇ ಇಲ್ಲ ಎಂದಾದರೆ, ಈ ಪ್ರೊಫೈಲ್‌ಗೆ ಅರ್ಹತೆ ಇಲ್ಲ. ಕೋವರ್ಕಿಂಗ್ ಜಾಗದಲ್ಲಿ ಬರೀ ವಿಳಾಸ ಬಾಡಿಗೆಗೆ ಪಡೆದವರಿಗೂ ಇಲ್ಲ. ಅಲ್ಲಿ ನಿಮ್ಮ ಬೋರ್ಡು, ನಿಮ್ಮ ಜನ ಇರಲೇಬೇಕು.

ರಿವ್ಯೂ ಹೇಗೆ ಕೇಳುವುದು? ಸಂಕೋಚವಾಗುತ್ತದೆ.

ಸಂಕೋಚ ನನಗೆ ಅರ್ಥವಾಗುತ್ತದೆ. ನಮ್ಮ ಚಿಕ್ಕಪ್ಪ ಇವತ್ತಿಗೂ ‘ಚೆನ್ನಾಗಿದೆ ಅಂತ ಬರಿ’ ಎಂದು ಯಾರಿಗೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಅವರು ಹೇಳುವುದು ಇಷ್ಟೇ: ‘ನಮ್ಮ ಅಂಗಡಿ ಹುಡುಕಿಕೊಂಡು ಬರೋರಿಗೆ ಅನುಕೂಲ ಆಗುತ್ತೆ, ನಿಮಗೆ ಅನ್ನಿಸಿದ್ದನ್ನ ಎರಡು ಮಾತು ಬರೀರಿ.’ ಪ್ರೊಫೈಲಿನಲ್ಲೇ ರಿವ್ಯೂ ಕೇಳುವ ಕೊಂಡಿ, ಕ್ಯೂಆರ್ ಕೋಡ್ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ ಗಲ್ಲಾದ ಪಕ್ಕ ಅಂಟಿಸಿ, ಆದರೆ ಯುಪಿಐ ಕ್ಯೂಆರ್‌ನಿಂದ ದೂರ, ಬೇರೆ ಬಣ್ಣದಲ್ಲಿ. ಇಲ್ಲದಿದ್ದರೆ ದುಡ್ಡು ಕೊಡಲು ಬಂದವರು ರಿವ್ಯೂ ಪುಟ ತೆರೆದುಕೊಂಡು ನಿಲ್ಲುತ್ತಾರೆ.

ಕೇಳುವ ಹೊತ್ತು ಮುಖ್ಯ. ರಿಪೇರಿಗೆ ಕೊಟ್ಟ ಮಿಕ್ಸಿ ಗುರ್ ಎಂದು ತಿರುಗಿದ ಕ್ಷಣ, ಬ್ಲೌಸ್ ಅಳತೆಗೆ ಸರಿಯಾಗಿ ಕೂತ ಕ್ಷಣ. ಹತ್ತು ದಿನ ಬಿಟ್ಟು ವಾಟ್ಸಾಪ್ ಮಾಡಿದರೆ ಆ ಖುಷಿ ಇರುವುದಿಲ್ಲ. ಕನ್ನಡದಲ್ಲೇ ಬರೆಯಬಹುದು ಎಂದು ಬಾಯಿಬಿಟ್ಟು ಹೇಳಿ. ಇಂಗ್ಲಿಷ್ ಬರೆಯಲು ಹಿಂಜರಿದು ಸುಮ್ಮನಾಗುವವರು ಬಹಳ.

ಮಾಡಬಾರದ್ದು: ರಿವ್ಯೂಗೆ ಬದಲಾಗಿ ರಿಯಾಯಿತಿ, ಉಚಿತ ಕಾಫಿ, ಏನನ್ನೂ ಕೊಡುವಂತಿಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದನ್ನೂ ಗೂಗಲ್ ಒಪ್ಪುವುದಿಲ್ಲ. ದುಡ್ಡು ಕೊಟ್ಟು ನೂರು ರಿವ್ಯೂ ಹಾಕಿಸಿಕೊಂಡರೆ, ಒಂದು ದಿನ ಅವೆಲ್ಲ ಒಟ್ಟಿಗೇ ಮಾಯವಾಗುತ್ತವೆ, ಕೆಲವೊಮ್ಮೆ ಪ್ರೊಫೈಲೂ ಹೋಗುತ್ತದೆ. ಆನ್‌ಲೈನ್ ರಿವ್ಯೂಗಳು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿದೆ. ಅದೆಲ್ಲ ಬಿಡಿ, ಊರಿನವರೇ ಅಲ್ಲದ ಹೆಸರುಗಳಿಂದ ಒಂದೇ ವಾರದಲ್ಲಿ ‘ನೈಸ್’, ‘ಗುಡ್’ ಎಂದು ಬಿದ್ದಿರುವ ಸಾಲು ನೋಡಿದರೆ ಗಿರಾಕಿಗೆ ಗೊತ್ತಾಗುತ್ತದೆ.

ಒಬ್ಬರು ಒಂದು ಸ್ಟಾರ್ ಕೊಟ್ಟು ಹೋಗಿದ್ದಾರೆ. ಅಳಿಸುವುದು ಹೇಗೆ?

ನೀವು ಅಳಿಸಲಾಗದು. ಬೈಗುಳ, ಜಾಹೀರಾತು, ನಿಮ್ಮಲ್ಲಿಗೆ ಬಂದೇ ಇಲ್ಲದವರ ಸುಳ್ಳು, ಇಂಥದ್ದಾದರೆ ಗೂಗಲ್‌ಗೆ ವರದಿ ಮಾಡಿ. ನಿಯಮಕ್ಕೆ ವಿರುದ್ಧವೆನಿಸಿದರೆ ತೆಗೆಯುತ್ತಾರೆ. ನಿಜವಾದ ಗಿರಾಕಿಯ ಸಿಟ್ಟಾದರೆ ಅದು ಅಲ್ಲೇ ಇರುತ್ತದೆ, ಉತ್ತರ ಕೊಡುವುದು ನಿಮ್ಮ ಕೈಯಲ್ಲಿದೆ.

ಉತ್ತರ ಬರೆಯುವಾಗ ನೆನಪಿರಲಿ, ಅದನ್ನು ಓದುವವರು ಆ ಒಬ್ಬರಷ್ಟೇ ಅಲ್ಲ. ನಾಳೆ ನಿಮ್ಮಲ್ಲಿಗೆ ಬರಲೋ ಬೇಡವೋ ಎಂದು ಯೋಚಿಸುತ್ತಿರುವವರೆಲ್ಲ ಓದುತ್ತಾರೆ. ಒಂದು ಟೈಲರಿಂಗ್ ಅಂಗಡಿಗೆ ನಾವು ಬರೆದ ಉತ್ತರ ಹೀಗಿತ್ತು: ‘ಮೇಡಂ, ಹಬ್ಬದ ಹಿಂದಿನ ದಿನ ಕೊಡುತ್ತೇವೆಂದು ಹೇಳಿ ಕೊಡಲಾಗಲಿಲ್ಲ, ತಪ್ಪು ನಮ್ಮದೇ. ಈಗ ಹಬ್ಬದ ವಾರ ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇವೆ. ಬ್ಲೌಸಿನ ತೋಳು ಸರಿಮಾಡಲು ಯಾವಾಗ ಬೇಕಾದರೂ ಬನ್ನಿ.’ ವಾದ ಮಾಡಲಿಲ್ಲ, ಗಿರಾಕಿಯ ಫೋನ್ ನಂಬರನ್ನೋ ಬಿಲ್ಲನ್ನೋ ಅಲ್ಲಿ ಹಾಕಲಿಲ್ಲ. ಸಿಟ್ಟು ಬಂದಾಗ ಉತ್ತರವನ್ನು ಕಾಗದದ ಮೇಲೆ ಬರೆಯಿರಿ, ರಾತ್ರಿ ಕಳೆದ ಮೇಲೆ ಹಾಕಿ.

‘ಗೂಗಲ್‌ನಿಂದ ಮಾತಾಡ್ತಿದ್ದೀವಿ’ ಎಂದು ಫೋನ್ ಬರುತ್ತದೆ. ನಿಜವಾ?

ನಿಮ್ಮ ಪ್ರೊಫೈಲ್ ಅಳಿಸಿಹೋಗುತ್ತದೆ, ಈಗಲೇ ಇಷ್ಟು ಸಾವಿರ ಕಟ್ಟಿ, ಬಂದ ಓಟಿಪಿ ಹೇಳಿ ಎಂದರೆ ಖಂಡಿತ ಮೋಸ. ಪ್ರೊಫೈಲ್ ಉಳಿಸಿಕೊಳ್ಳಲು ಗೂಗಲ್ ದುಡ್ಡು ಕೇಳುವುದಿಲ್ಲ. ಓಟಿಪಿ ಕೊಟ್ಟರೆ ನಿಮ್ಮ ಅಂಗಡಿಯ ಪ್ರೊಫೈಲೇ ಅವರ ಕೈಗೆ ಹೋಗಬಹುದು, ಅಲ್ಲಿರುವ ಫೋನ್ ನಂಬರನ್ನು ಅವರದಕ್ಕೆ ಬದಲಿಸಿದರೆ ನಿಮ್ಮ ಗಿರಾಕಿಗಳೂ ಮೋಸಹೋಗುತ್ತಾರೆ. ಅಂಗಡಿಯಲ್ಲಿ ಫೋನ್ ಎತ್ತುವ ಹುಡುಗರಿಗೂ ಇದನ್ನು ಹೇಳಿಕೊಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಪ್ರೊಫೈಲ್ ಮಾಡಿಕೊಟ್ಟ ಏಜೆನ್ಸಿಯವರು ಈಗ ಫೋನ್ ಎತ್ತುತ್ತಿಲ್ಲ. ಏನು ಮಾಡಲಿ?

ಇದು ನಮ್ಮ ಬೀದಿಯಲ್ಲೇ ಮೂವರಿಗೆ ಆಗಿದೆ. ಏಜೆನ್ಸಿಯವರು ತಮ್ಮ ಇಮೇಲಿನಲ್ಲಿ ಪ್ರೊಫೈಲ್ ತೆರೆದು, ತಾವೇ ಓನರ್ ಆಗಿ ಕೂತುಬಿಡುತ್ತಾರೆ. ಮ್ಯಾಪಿನಲ್ಲಿ ನಿಮ್ಮ ಅಂಗಡಿ ತೆರೆದು ‘ಈ ವ್ಯಾಪಾರ ನಿಮ್ಮದೇ?’ ಎಂಬ ಅರ್ಥದ ಸಾಲು ಒತ್ತಿ, ಮಾಲೀಕತ್ವಕ್ಕೆ ಕೋರಿಕೆ ಕಳಿಸಿ. ಈಗಿನ ಓನರ್‌ಗೆ ಉತ್ತರಿಸಲು 3 ದಿನ ಕೊಡುತ್ತಾರೆ. ಉತ್ತರ ಬರದಿದ್ದರೆ ನೀವೇ ವೆರಿಫೈ ಮಾಡಿ ಪಡೆದುಕೊಳ್ಳುವ ಅವಕಾಶ ಸಿಗಬಹುದು.

ಮುಂದೆ ಯಾರಿಗೆ ಕೆಲಸ ಕೊಟ್ಟರೂ ಪ್ರೈಮರಿ ಓನರ್ ನೀವೇ ಆಗಿರಿ, ಅವರನ್ನು ಮ್ಯಾನೇಜರ್ ಎಂದು ಸೇರಿಸಿ. ಪಾಸ್‌ವರ್ಡ್ ಕೊಡುವ ಅಗತ್ಯವೇ ಬರುವುದಿಲ್ಲ. ಅಂಗಡಿಯ ಬೀಗದ ಕೈಯನ್ನು ಬಣ್ಣ ಹೊಡೆಯಲು ಬಂದವರ ಹತ್ತಿರವೇ ಬಿಟ್ಟು ಹೋಗುತ್ತೀರಾ?

ಸಮಯ, ಫೋಟೊ ಇವೆಲ್ಲ ಅಷ್ಟು ಮುಖ್ಯವಾ?

ಸಮಯ ಬಹಳ ಮುಖ್ಯ. ಗಾಂಧಿ ಬಜಾರ್, ಮಲ್ಲೇಶ್ವರದ ಹಳೇ ಅಂಗಡಿಗಳಲ್ಲಿ ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವ ಪದ್ಧತಿ ಇನ್ನೂ ಇದೆ. ಪ್ರೊಫೈಲಿನಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಂದು ಒಂದೇ ಸಾಲು ಹಾಕಿದರೆ ಬಿಸಿಲಲ್ಲಿ ಬಂದವರು ಮುಚ್ಚಿದ ಶಟರ್ ನೋಡಿ ಹೋಗುತ್ತಾರೆ, ಒಂದು ಸ್ಟಾರ್ ಕೊಟ್ಟೂ ಹೋಗುತ್ತಾರೆ. ಒಂದೇ ದಿನಕ್ಕೆ ಎರಡು ಪಾಳಿ ಹಾಕಲು ಅವಕಾಶವಿದೆ, ಹಾಕಿ. ಹಬ್ಬಕ್ಕೆ ವಿಶೇಷ ಸಮಯ ಎಂಬ ಬೇರೆ ಜಾಗವೇ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ಅಂಗಡಿ ನಸುಕಿನಲ್ಲೇ ತೆರೆಯುತ್ತದೆ, ಆಯುಧಪೂಜೆಯ ದಿನ ಗ್ಯಾರೇಜು ಪೂಜೆ ಮುಗಿಸಿ ಬಾಗಿಲು ಹಾಕುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಬಂದಾಗ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ಓಡಾಟವೇ ಬದಲಾಗುತ್ತದೆ, ಆ ಸುತ್ತಿನ ಅಂಗಡಿಯವರು ಗಿರಾಕಿಗಳಿಗೆ ಮುಂಚೆಯೇ ತಿಳಿಸಿದರೆ ಎಷ್ಟು ಉಪಕಾರ.

ಫೋಟೊಗೆ ದೊಡ್ಡ ಕ್ಯಾಮೆರಾ ಬೇಡ. ಹೊರಗಿನಿಂದ ಒಂದು, ಎದುರಿನ ಫುಟ್‌ಪಾತಿನಿಂದ ಬೋರ್ಡ್ ಕಾಣುವಂತೆ ಒಂದು, ಒಳಗೆ ಎರಡು, ಮಾಡಿದ ಕೆಲಸದ್ದು ಕೆಲವು. ಅಂತರ್ಜಾಲದಿಂದ ಎತ್ತಿಕೊಂಡ ಚಿತ್ರ ಬೇಡ.

ಜಸ್ಟ್‌ಡಯಲ್ ಮುಂತಾದ ಕಡೆಯೂ ಹೆಸರು ಇರಬೇಕಾ? ವೆಬ್‌ಸೈಟ್?

ಉಚಿತವಾಗಿ ಸಿಗುವ ಕಡೆ ಇರಲಿ. ಜಸ್ಟ್‌ಡಯಲ್, ಬಿಂಗ್ ಪ್ಲೇಸಸ್, ಆ್ಯಪಲ್ ಮ್ಯಾಪ್ಸ್, ನಮ್ಮ ದೇಶದ್ದೇ ಮ್ಯಾಪ್ ಆ್ಯಪ್ ಆದ ಮ್ಯಾಪಲ್ಸ್. ಪೀಣ್ಯದಲ್ಲಿ ಬಿಡಿಭಾಗ ಮಾಡುವವರಿಗೆ ಬೀದಿಯ ಗಿರಾಕಿಗಿಂತ ಇಂಡಿಯಾಮಾರ್ಟ್‌ನಿಂದ ವಿಚಾರಣೆ ಬರುವುದು ಹೆಚ್ಚು. ಎಲ್ಲ ಕಡೆಯೂ ಹೆಸರು, ವಿಳಾಸ, ಫೋನ್ ಒಂದೇ ರೀತಿ ಇರಬೇಕು. ಹಳೇ ಲ್ಯಾಂಡ್‌ಲೈನ್ ನಂಬರ್ ಎಲ್ಲೋ ಉಳಿದುಕೊಂಡಿರುತ್ತದೆ, ಹುಡುಕಿ ತೆಗೆಸಿ.

ವೆಬ್‌ಸೈಟ್ ಕಡ್ಡಾಯವಲ್ಲ. ಪ್ರೊಫೈಲಿನ ಜೊತೆ ಗೂಗಲ್ ಉಚಿತವಾಗಿ ಕೊಡುತ್ತಿದ್ದ ಸಣ್ಣ ವೆಬ್‌ಸೈಟ್ 2024ರ ಮಾರ್ಚಿನಲ್ಲಿ ನಿಂತುಹೋಯಿತು, ನಿಮ್ಮ ಬಿಲ್ ಬುಕ್ಕಿನಲ್ಲಿ ಇನ್ನೂ ಆ ವಿಳಾಸ ಅಚ್ಚಾಗಿದ್ದರೆ ಬದಲಿಸಿ. ಹೊಸದು ಮಾಡಿಸುವುದಾದರೆ ಒಂದೇ ಪುಟ ಸಾಕು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ: ಏನು ಮಾಡುತ್ತೀರಿ, ಎಲ್ಲಿದ್ದೀರಿ, ಸುಮಾರು ಬೆಲೆ ಎಷ್ಟು, ಒತ್ತಿದರೆ ಕರೆ ಹೋಗುವ ನಂಬರ್.

ಜಾಹೀರಾತು ಹಾಕಬಹುದಾ?

ಪ್ರೊಫೈಲ್ ಸರಿಯಾಗುವ ತನಕ ಬೇಡ. ಪಿನ್ ತಪ್ಪಿರುವ ಅಂಗಡಿಗೆ ದುಡ್ಡು ಕೊಟ್ಟು ಜನ ಕರೆಸಿದರೆ ಅವರೂ ಆ ಅಜ್ಜಿಯ ಮನೆಗೇ ಹೋಗುತ್ತಾರೆ. ಆಮೇಲೆ ಹಾಕುವುದಾದರೆ ಗೂಗಲ್ ಆ್ಯಡ್ಸ್‌ನಲ್ಲಿ ಅಂಗಡಿಯ ಸುತ್ತ ಕೆಲವೇ ಕಿಲೋಮೀಟರ್ ವೃತ್ತ ಹಾಕಿ. ಒಂದು ಸೆಟ್ಟಿಂಗ್ ತಪ್ಪದೇ ನೋಡಿ: ಸುಮ್ಮನೆ ಬಿಟ್ಟರೆ ಆ ಪ್ರದೇಶದಲ್ಲಿ ಇರುವವರಿಗಷ್ಟೇ ಅಲ್ಲದೆ, ಎಲ್ಲೋ ದೂರದಲ್ಲಿದ್ದು ಆ ಪ್ರದೇಶದ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಹೋಗುತ್ತದೆ. ‘ಅಲ್ಲಿ ಇರುವವರಿಗೆ ಮಾತ್ರ’ ಎಂಬುದಕ್ಕೆ ಬದಲಿಸಿ. ಖರ್ಚಿನ ಮೇಲೆ ಶೇ. 18 ಜಿಎಸ್‌ಟಿಯೂ ಬೀಳುತ್ತದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಗೂಗಲ್‌ಗೆ ಸೇರಿದರೆ ಜಿಎಸ್‌ಟಿ ನೋಟಿಸ್ ಬರುತ್ತದಾ?

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು, ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಬಿದ್ದ ದಿನಗಳಿಂದ ಈ ಭಯ ಹೆಚ್ಚಾಗಿದೆ. ಪ್ರೊಫೈಲ್ ತೆರೆಯಲು ಜಿಎಸ್‌ಟಿ ನಂಬರ್ ಬೇಕಿಲ್ಲ. ತೆರಿಗೆ ನೋಂದಣಿ ನಿಂತಿರುವುದು ವಾರ್ಷಿಕ ವಹಿವಾಟಿನ ಮೇಲೆ: ಕರ್ನಾಟಕದಲ್ಲಿ ಸಾಮಾನ್ಯವಾಗಿ ಸರಕಿಗೆ 40 ಲಕ್ಷ ರೂಪಾಯಿ, ಸೇವೆಗೆ 20 ಲಕ್ಷ. ಮ್ಯಾಪಿನಲ್ಲಿ ಕಂಡರೂ ಕಾಣದಿದ್ದರೂ ಅದು ಬದಲಾಗದು. ನಿಮ್ಮ ಲೆಕ್ಕ ಆ ಗೆರೆಯ ಹತ್ತಿರ ಬಂದಿದ್ದರೆ ಒಬ್ಬ ಲೆಕ್ಕಪರಿಶೋಧಕರನ್ನು ಕಂಡು ಮಾತಾಡಿ, ಅದನ್ನು ಮುಂದೂಡಬೇಡಿ.

ಉಪಯೋಗ ಆಗುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ?

ಪ್ರೊಫೈಲಿನ ‘ಪರ್ಫಾರ್ಮೆನ್ಸ್’ ಭಾಗದಲ್ಲಿ ಎಷ್ಟು ಕರೆ, ಎಷ್ಟು ಜನ ದಾರಿ ಕೇಳಿದರು, ಏನೆಂದು ಹುಡುಕಿ ಬಂದರು ಎಂಬುದೆಲ್ಲ ಇರುತ್ತದೆ. ನಾನು ಮೊದಲು ನೋಡುವುದು ಹುಡುಕಿದ ಪದಗಳನ್ನು. ಚಿಕ್ಕಪ್ಪನ ಅಂಗಡಿಗೆ ‘ಹಿತ್ತಾಳೆ ಪಾತ್ರೆಗೆ ಕಲಾಯಿ’ ಎಂದು ಹುಡುಕಿ ಬರುವವರಿದ್ದರು. ಚಿಕ್ಕಪ್ಪ ಕಲಾಯಿ ಮಾಡಿಸಿಕೊಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಈಗ ವಾರಕ್ಕೊಮ್ಮೆ ಕಲಾಯಿಯವರು ಬಂದು ಕೂರುತ್ತಾರೆ. ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಹೊಸ ಮುಖ ಕಂಡಾಗ ‘ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?’ ಎಂದು ಕೇಳಿ ಗೆರೆ ಎಳೆಯಿರಿ. ಆ ಗೆರೆಗಳಷ್ಟು ನಂಬಿಕೆಯ ಲೆಕ್ಕ ಬೇರೆ ಇಲ್ಲ.

ಅಂಗಡಿ ಬೇರೆ ರಸ್ತೆಗೆ ಹೋಗುತ್ತಿದೆ. ಹೊಸ ಪ್ರೊಫೈಲ್ ಮಾಡಲಾ?

ಬೇಡ. ಹಳೆಯದರಲ್ಲೇ ವಿಳಾಸ ಬದಲಿಸಿ, ಪಿನ್ ಎಳೆದು ಹೊಸ ಜಾಗಕ್ಕೆ ತನ್ನಿ, ರಿವ್ಯೂಗಳು ಸಾಮಾನ್ಯವಾಗಿ ಜೊತೆಗೇ ಬರುತ್ತವೆ. ಮತ್ತೆ ವೆರಿಫಿಕೇಶನ್ ಕೇಳಬಹುದು, ಹೊಸ ಬೋರ್ಡ್ ಹಾಕಿದ ಮೇಲೆಯೇ ಬದಲಾಯಿಸಿ. ಹಳೇ ಶಟರಿನ ಮೇಲೆ ಹೊಸ ವಿಳಾಸದ ಕಾಗದ ಅಂಟಿಸಿ, ಅದರಲ್ಲಿ ಮ್ಯಾಪಿನ ಕ್ಯೂಆರ್ ಕೋಡೂ ಇರಲಿ. ಅಂಗಡಿ ಖಾಲಿ ಮಾಡಿದ್ದನ್ನು ನೋಡಿ ಯಾರಾದರೂ ‘ಶಾಶ್ವತವಾಗಿ ಮುಚ್ಚಿದೆ’ ಎಂದು ಮ್ಯಾಪಿಗೆ ಸಲಹೆ ಕಳಿಸುವುದುಂಟು, ಆದ್ದರಿಂದ ಸ್ಥಳಾಂತರದ ತಿಂಗಳು ದಿನಕ್ಕೊಮ್ಮೆ ಪ್ರೊಫೈಲ್ ತೆರೆದು ನೋಡುತ್ತಿರಿ.